ದಾದಿಯ ರಾಯಣ್ಣ

ಕನ್ನಡದಲ್ಲಿ ದಾದಿ ಎಂದರೆ ಆಸ್ಪತ್ರೆಯ ನರ್ಸ್. ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾನ ತಾಯಿ. ಎಂಟನೇ ತರಗತಿಯ ಪ್ರಬಂಧದಲ್ಲಿ "ನಮ್ಮ ಮನೆಯ ದಾದಿ ರಾತ್ರಿ ಹಾಡುತ್ತಾರೆ" ಎಂದು ಬರೆದು ಇಡೀ ತರಗತಿಯನ್ನು ನಗಿಸಿದ್ದೆ. ಅದಕ್ಕೇ ಈ ಸಲ ಮೊದಲೇ ಹೇಳಿಬಿಟ್ಟೆ.

ದಾದಿಗೆ ಪೂರ್ತಿ ಬರುವುದು ಒಂದೇ ಹಾಡು. ಅದು ಸಂಗೊಳ್ಳಿ ರಾಯಣ್ಣನದು. ಮನೆಯೊಳಗೆ ನಾವು ಮಾತಾಡುವುದು ಉರ್ದು, ಗೇಟು ದಾಟಿದರೆ ಬ್ಯಾರಿ ಮತ್ತು ತುಳು. ಹಾಡು ಮಾತ್ರ ಬೆಳಗಾವಿ ಕಡೆಯ ಕನ್ನಡದಲ್ಲಿ. ಚಿಕ್ಕವನಿದ್ದಾಗ ಅದು ಯಾವುದೋ ಬೇರೆ ದೇಶದ ಭಾಷೆ ಅಂದುಕೊಂಡಿದ್ದೆ. ಒಮ್ಮೆ ನಮ್ಮ ಮನೆಗೆ ಬಂದ ಕ್ಲಾಸ್‌ಮೇಟ್ ಒಬ್ಬ ಕೇಳಿ, "ನಮ್ಮ ಅಜ್ಜಿ ನೇಜಿ ನೆಡುವಾಗ ಕೋಟಿ ಚೆನ್ನಯರ ಪಾಡ್ದನ ಹೇಳ್ತಿದ್ರು ಮಾರಾಯ, ಇದೂ ಹಾಗೇ ಉಂಟು" ಅಂದ. ಆವತ್ತಿನಿಂದ ನಾನು ಸರಿಯಾಗಿ ಕಿವಿಗೊಟ್ಟೆ.

ನಮ್ಮಲ್ಲಿ ಹೆಚ್ಚಿನವರಿಗೆ ರಾಯಣ್ಣ ಗೊತ್ತಿರುವುದು 2012ರ ದರ್ಶನ್ ಸಿನಿಮಾದಿಂದ, ಇಲ್ಲವೇ ಬೆಂಗಳೂರು ರೈಲು ನಿಲ್ದಾಣದ ಹೆಸರಿನಿಂದ. ದಾದಿಯ ರಾಯಣ್ಣ ಅಷ್ಟು ಎತ್ತರದವನಲ್ಲ. ಅವನು ಕಿತ್ತೂರು ಸಂಸ್ಥಾನದ ಒಬ್ಬ ಶೇತಸನದಿ. ಊರು ಕಾಯುವ ಕೆಲಸ, ಅದಕ್ಕೆ ಪ್ರತಿಯಾಗಿ ಇನಾಮು ಹೊಲ. 1824ರ ಅಕ್ಟೋಬರಿನಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡರು. ಕಂಪನಿ ಸರ್ಕಾರ ಇನಾಮು ಹೊಲಗಳಿಗೂ ಕೈ ಹಾಕಿತು, ಕಂದಾಯ ಕೇಳಿತು. ಕಂದಾಯ ಕಟ್ಟಲಿಲ್ಲವೆಂದು ಕುಲಕರ್ಣಿ ರಾಯಣ್ಣನ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೊರಿಸಿದ ಎಂದು ಆ ಕಡೆಯ ಜನ ಹೇಳುತ್ತಾರೆ. ದಾದಿ ಆ ಕಲ್ಲಿನ ಹತ್ತಿರ ಬಂದಾಗ ದನಿ ತಗ್ಗಿಸುತ್ತಾರೆ.

ಆಮೇಲೆ ರಾಯಣ್ಣ ಕಾಡು ಸೇರಿ, ಸರ್ಕಾರಿ ಕಚೇರಿಗಳಿಗೆ ನುಗ್ಗಿ ದಫ್ತರಗಳನ್ನು ಸುಟ್ಟ. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಇಷ್ಟವಾಗುವ ಭಾಗ ಇದು. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗದ ರಾತ್ರಿ ನನಗೂ ಆ ಯೋಚನೆ ಬಂದದ್ದುಂಟು. ಆದರೆ ತಮಾಷೆಯಲ್ಲ: ರೈತನ ಹೊಲ ಹೋಗುತ್ತಿದ್ದದ್ದು ಆ ಪುಸ್ತಕದ ಒಂದು ಸಾಲಿನಿಂದ. ಎಲ್ಲಿ ಹೊಡೆಯಬೇಕು ಎಂದು ಅವನಿಗೆ ಗೊತ್ತಿತ್ತು. 1830ರ ಏಪ್ರಿಲಿನಲ್ಲಿ ತನ್ನ ಕಡೆಯವರೇ ಮೋಸದಿಂದ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಸಮಾಧಿಯ ಮೇಲೆ ಒಡನಾಡಿ ಬಿಚ್ಚುಗತ್ತಿ ಚನ್ನಬಸಪ್ಪ ಆಲದ ಸಸಿ ನೆಟ್ಟನಂತೆ. ಆ ಮರಕ್ಕೆ ಮಕ್ಕಳಿಲ್ಲದವರು ಈಗಲೂ ಪುಟ್ಟ ತೊಟ್ಟಿಲು ಕಟ್ಟುತ್ತಾರೆ.

ನಮ್ಮ ಮನೆಯ ಕಥೆ ಶುರುವಾಗುವುದು ಆ ತೊಟ್ಟಿಲಿನಿಂದ.

ದಾದಿ ಮದುವೆಯಾಗಿ ಬಂದದ್ದು ನಂದಗಡದ ಹತ್ತಿರದ ಹಳ್ಳಿಗೆ. ದಾದಾ ಸಂತೆಗಳಲ್ಲಿ ಬಳೆ ಮಾರುತ್ತಿದ್ದರು. ಮೊದಲ ಎರಡು ಮಕ್ಕಳು ತಿಂಗಳು ತುಂಬುವ ಮೊದಲೇ ಹೋದವು. ಪಕ್ಕದ ಮನೆಯಲ್ಲಿ ಒಬ್ಬ ಅಕ್ಕವ್ವ ಇದ್ದರು. ಬೀಸುವ ಕಲ್ಲು ಅವರ ಮನೆಯಲ್ಲಿತ್ತು, ದಾದಿ ಹಾಡು ಕಲಿತದ್ದು ಆ ಕಲ್ಲಿನ ಮುಂದೆ ಕೂತು. ಒಂದು ದಿನ ಅಕ್ಕವ್ವ ಯಾರಿಗೂ ಹೇಳದೆ ನಂದಗಡಕ್ಕೆ ಹೋಗಿ ದಾದಿಯ ಹೆಸರಿನಲ್ಲಿ ತೊಟ್ಟಿಲು ಕಟ್ಟಿ ಬಂದರು. ಮರು ವರ್ಷ ಅಬ್ಬಾ ಹುಟ್ಟಿದರು. ಅಬ್ಬಾನನ್ನು ಮಲಗಿಸಿದ್ದು ಅದೇ ಹಾಡಿನಿಂದ. ಮುಂದೆ ಅಬ್ಬಾ ಕೆಲಸ ಹುಡುಕಿಕೊಂಡು ಬೈಕಂಪಾಡಿಗೆ ಬಂದಾಗ ದಾದಿಯೂ ಸುರತ್ಕಲ್‌ಗೆ ಬಂದರು.

ಎರಡು ವರ್ಷದ ಹಿಂದೆ ಈದ್‌ಗೆ ಊಟಕ್ಕೆ ಬಂದಿದ್ದ ನಮ್ಮ ಸಂಬಂಧಿಕರೊಬ್ಬರು ಈ ಕಥೆ ಕೇಳಿ ಊಟ ನಿಲ್ಲಿಸಿದರು. ಮರಕ್ಕೆ ಹರಕೆ ಕಟ್ಟುವುದು ನಮಗೆ ಸಲ್ಲದು, ಮಕ್ಕಳ ಮುಂದೆ ಇಂಥದ್ದನ್ನು ಹೇಳಬೇಡಿ, ಆ ಹಾಡೂ ಸಾಕು ಅಂದರು. ಅವರು ಕೆಟ್ಟ ಮನುಷ್ಯರಲ್ಲ. ಹರಕೆಯ ಬಗ್ಗೆ ಅವರು ಹೇಳಿದ್ದು ಸರಿ ಎಂದು ದಾದಿಯೂ ಒಪ್ಪುತ್ತಾರೆ. "ನಾನು ಕೇಳಿದ್ದು ಅಲ್ಲಾಹನ ಹತ್ತಿರ. ತೊಟ್ಟಿಲು ಕಟ್ಟಿದವಳು ಅವಳು. ಅವಳ ಪ್ರೀತಿಯನ್ನು ನಾನು ಹೇಗೆ ಬಿಚ್ಚಿ ಎಸೆಯಲಿ?" ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಮೊಹರಂನಲ್ಲಿ ಅಕ್ಕವ್ವನ ಗಂಡ ಕನ್ನಡದಲ್ಲಿ ರಿವಾಯತ್ ಪದ ಹಾಡುತ್ತಿದ್ದರಂತೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕರ್ಬಲಾದ ಕಥೆಯನ್ನು ಹಿಂದೂಗಳೂ ಹಾಗೆ ಹಾಡುತ್ತಾರೆ. "ಅವರು ನಮ್ಮ ಹಸನ್ ಹುಸೇನರಿಗೆ ಅತ್ತರು. ನಾನು ಅವರ ರಾಯಣ್ಣನಿಗೆ ಅತ್ತರೆ ಏನಾಯಿತು?"

ಅತಿಥಿ ಉತ್ತರ ಕೊಡಲಿಲ್ಲ. ದಾದಿ ಮಾತ್ರ ಅಂದಿನಿಂದ ಹಾಡುವುದನ್ನು ಬಿಟ್ಟರು. ನಾವು ಕೇಳಿದರೆ ಗಂಟಲು ಸರಿಯಿಲ್ಲ ಅನ್ನುತ್ತಿದ್ದರು. ಅವರಿಗೇ ಮರೆತು ಹೋದರೆ ಏನು ಗತಿ ಎಂದು ನನಗೆ ಭಯ. ನನ್ನ ಹತ್ತಿರ ರೆಕಾರ್ಡಿಂಗ್ ಒಂದೂ ಇಲ್ಲ. ಕ್ರಿಕೆಟ್ ಆಡಿದ್ದನ್ನೆಲ್ಲ ಫೋನಿನಲ್ಲಿ ತುಂಬಿಟ್ಟುಕೊಂಡಿದ್ದೇನೆ, ಇದನ್ನು ತೆಗೆಯಲು ಹೊಳೆಯಲೇ ಇಲ್ಲ.

ಕಳೆದ ರಜೆಯಲ್ಲಿ ಅಬ್ಬಾ ಇದ್ದಕ್ಕಿದ್ದಂತೆ "ನಡಿ, ಊರು ನೋಡಿ ಬರೋಣ" ಅಂದರು. ಮಂಡಿನೋವಿನಿಂದ ದಾದಿ ಬರಲಿಲ್ಲ. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಖಾನಾಪುರ, ಮತ್ತೆ ನಂದಗಡ. ಅಕ್ಕವ್ವ ತೀರಿಕೊಂಡು ವರ್ಷಗಳಾಗಿದ್ದವು, ಆ ಮನೆಯಲ್ಲಿ ಬೇರೆಯವರಿದ್ದರು. ಆಲದ ಮರದ ಕೆಳಗೆ ಅಬ್ಬಾ ಚಪ್ಪಲಿ ಬಿಟ್ಟು ಸ್ವಲ್ಪ ದೂರದಲ್ಲೇ ನಿಂತರು. ಕೈ ಮುಗಿಯಲಿಲ್ಲ, ತಿರುಗಿಯೂ ಹೋಗಲಿಲ್ಲ. ತೊಟ್ಟಿಲುಗಳಲ್ಲಿ ಕೆಲವು ಹೊಸವು, ಕೆಲವು ಮಳೆಗೆ ಕಪ್ಪಾದವು. ನಾನು ಎಣಿಸಲು ಹೋಗಿ ಎರಡು ಸಲ ತಪ್ಪಿದೆ.

ಅಬ್ಬಾ ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಆ ಕಡೆಯಿಂದ ದಾದಿ ಕೇಳಿದ್ದು ಉರ್ದುವಿನಲ್ಲಲ್ಲ.

"ತೊಟ್ಟಿಲಾ ಇನ್ನೂ ಅದಾವೇನೋ?"

"ಅದಾವ, ಭಾಳ ಅದಾವ" ಅಂದರು ಅಬ್ಬಾ. ಅವರ ಬಾಯಲ್ಲಿ ಆ ಕನ್ನಡವನ್ನು ನಾನು ಕೇಳಿದ್ದು ಅದೇ ಮೊದಲು.

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ದಾದಿ ಮೆಲ್ಲಗೆ ಹಾಡಲು ಶುರು ಮಾಡಿದರು. ನಾನು ರೆಕಾರ್ಡ್ ಮಾಡಲು ನನ್ನ ಫೋನು ತೆಗೆಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅಬ್ಬಾ ಮತ್ತೆ ಡಯಲ್ ಮಾಡಿದರು.