ಪಂದ್ಯದ ಹೊತ್ತಿಗೆ ಕತ್ತಲಾಗುವ ಪರದೆ

ಕ್ರಿಕೆಟ್ ಪ್ರಿಯರಾದ ನೀವು ಇದನ್ನು ಗಮನಿಸಿರಬಹುದು. ಭಾರತದ ಪಂದ್ಯವಿದೆಯೆಂದು ಕೇಬಲ್‌ನಲ್ಲಿ ದೂರದರ್ಶನ ಹಚ್ಚಿದರೆ ಅಲ್ಲಿ ಪಂದ್ಯವೇ ಇರುವುದಿಲ್ಲ. ತಿಂಗಳು ತಿಂಗಳು ಹಣ ಕೊಡುವವನಿಗೇ ಯಾಕೆ ಈ ಶಿಕ್ಷೆ?

2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಿದ್ದಾಗ ಹಕ್ಕು ಪಡೆದ ಖಾಸಗಿ ಚಾನೆಲ್‌ಗೂ ಪ್ರಸಾರ ಭಾರತಿಗೂ ಜಗಳವಾಯಿತು. ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ದೂರದರ್ಶನಕ್ಕೆ ಸಿಕ್ಕಿದ್ದು ಏಳು ನಿಮಿಷ ತಡವಾದ ಪ್ರಸಾರ. ನಮ್ಮ ಟಿವಿಯಲ್ಲಿ ಬೌಲರ್ ಓಡಿ ಬರುವ ಮೊದಲೇ ಕೇಬಲ್ ಇದ್ದ ಪಕ್ಕದ ಮನೆಯಿಂದ ‘ಔಟ್’ ಎಂಬ ಕೂಗು! ಅಬ್ಬ ನಗುತ್ತಿದ್ದರು. ನನಗೆ ಮಾತ್ರ ಸಿಟ್ಟು.

ಅದೇ ವರ್ಷ ಕಾಯ್ದೆ ಬಂತು. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಖಾಸಗಿಯವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಬಡವನ ಮನೆಗೂ ಆಟ ಬಂತೆಂದು ಸಂತೋಷಪಟ್ಟೆವು. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್, ಆ ಪ್ರಸಾರ ದೂರದರ್ಶನದ ಟವರ್‌ಗಳಿಗೆ ಮತ್ತು ಅದರದೇ ಉಚಿತ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್‌ಗಲ್ಲ ಎಂದಿತು. ಕೋಟಿಗಟ್ಟಲೆ ಸುರಿದು ಹಕ್ಕು ಕೊಂಡವರ ವಾದದಲ್ಲೂ ಹುರುಳಿದೆ, ಒಪ್ಪೋಣ. ಆದರೆ ಆ ಟವರ್‌ಗಳಲ್ಲಿ ಹೆಚ್ಚಿನವು ಈಗ ಮುಚ್ಚಿವೆ. ಆಂಟೆನಾ ನಂಬಿದ್ದವನು ಎಲ್ಲಿಗೆ ಹೋಗಬೇಕು?

ಇನ್ನು ಹಣ ಕೊಟ್ಟು ಕ್ರೀಡಾ ಚಾನೆಲ್ ಹಾಕಿಸಿಕೊಂಡವರ ಪಾಡು. ವಿಕೆಟ್ ಬಿದ್ದರೆ ಔಟಾದವನ ಮುಖ ನೋಡುವಷ್ಟರಲ್ಲಿ ಜಾಹೀರಾತು. ಅದು ಮುಗಿಯುವಾಗ ಹೊಸ ಓವರಿನ ಮೊದಲ ಚೆಂಡು ಅರ್ಧ ದಾರಿಯಲ್ಲಿರುತ್ತದೆ. ಆಟದ ನಡುವೆಯೂ ಪರದೆ ಕುಗ್ಗಿ ಅಂಚಿನಲ್ಲಿ ಇನ್ನೊಂದು ಜಾಹೀರಾತು. ಫೀಲ್ಡರ್ ಎಲ್ಲಿ ನಿಂತಿದ್ದಾನೆಂದು ಅಬ್ಬ ಈಗ ನನ್ನನ್ನೇ ಕೇಳುತ್ತಾರೆ. ನನಗೂ ಕಾಣುವುದಿಲ್ಲ.

ಗಾಳಿಯ ತರಂಗಗಳು ಸಾರ್ವಜನಿಕರ ಸೊತ್ತು ಎಂದು ಕ್ರಿಕೆಟ್ ಪ್ರಸಾರದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತ್ತು. ಆ ಸೊತ್ತಿನಲ್ಲಿ ನಮ್ಮ ಪಾಲು ಎಷ್ಟೆಂದು ನೀವೇ ಲೆಕ್ಕ ಹಾಕಿ.