ಭವನದ ಬೀಗದ ಕೈ



ಹೊಸ ಕೆಲಸವೊಂದು ಆರಂಭವಾಗಬೇಕಾದರೆ ಮೊದಲು ಅದಕ್ಕೊಂದು ಕಟ್ಟಡ ಬೇಕೆಂಬ ನಂಬಿಕೆ ಈಚಿನದು. ಹಿಂದಿನ ಕೂಲಿಮಠಗಳು ಗುಡಿಯ ಜಗಲಿಯಲ್ಲೋ ಅಯ್ಯನವರ ಪಡಸಾಲೆಯಲ್ಲೋ ನಡೆದುಹೋದವು. ನಾನು ಮೊದಲು ಮೇಷ್ಟರಾಗಿ ಹೋದ ಹಳ್ಳಿಯಲ್ಲಿಯೂ ಶಾಲೆ ನಡೆಯುತ್ತಿದ್ದುದು ಭಜನೆಮನೆಯಲ್ಲಿ. ಏಕಾದಶಿಯ ದಿನ ಮಧ್ಯಾಹ್ನವೇ ಕರಿಹಲಗೆಯನ್ನು ಗೋಡೆಗೆ ತಿರುಗಿಸಿಟ್ಟು ನಾವು ಜಾಗ ಬಿಟ್ಟುಕೊಡುತ್ತಿದ್ದೆವು. ಅದು ಯಾರಿಗೂ ಅವಮಾನವೆನಿಸಿರಲಿಲ್ಲ.

ಇದೆಲ್ಲ ನೆನಪಾಗಲು ಕಾರಣ, ಇಲ್ಲಿಯೇ ಕೋಗಿಲಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿ. ಕಂಪನಿಯೊಂದರ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುವವಳು. ಎರಡು ಕೋಣೆಯ ಮನೆ, ಇಬ್ಬರು ಮಕ್ಕಳು, ಕಿವಿ ಮಂದವಾದ ಅತ್ತೆಯವರಿಗೆ ಕೇಳುವಷ್ಟು ಜೋರಾಗಿ ಟೀವಿ. ಫೋನಿನಲ್ಲಿ ಗದ್ದಲ ಕೇಳಿಸುತ್ತದೆಂದು ಮೇಲಿನವರು ಎರಡು ಬಾರಿ ಎಚ್ಚರಿಸಿದ್ದರು. ಮೂರನೆಯ ಬಾರಿಗೆ ದಿನವೂ ಕಚೇರಿಗೆ ಬರಬೇಕೆಂದರು. ಕಚೇರಿಯೋ ನಗರದ ಆ ತುದಿಯಲ್ಲಿ. ಹೆಬ್ಬಾಳವನ್ನು ದಾಟಿ ಹೋಗಿ ಬರುವುದರಲ್ಲಿಯೇ ಅರ್ಧ ದಿನ ಕಳೆದರೆ ಮಕ್ಕಳನ್ನು ನೋಡುವವರಾರು? ಕೆಲಸ ಬಿಡುವುದೊಂದೇ ದಾರಿಯಾಗಿತ್ತು. ಬಳ್ಳಾರಿ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ‘ಕೋ-ವರ್ಕಿಂಗ್’ ಎಂಬ ಬಾಡಿಗೆ ಕುರ್ಚಿಗಳುಂಟು; ಆದರೆ ಆ ಬಾಡಿಗೆ ಅವಳ ಸಂಬಳಕ್ಕೆ ಹೊಂದುವಂಥದಲ್ಲ.

“ಸಾರ್, ನಮ್ಮ ಸಮುದಾಯ ಭವನ ವಾರವೆಲ್ಲ ಖಾಲಿ ಇರುತ್ತಲ್ಲ, ಅಲ್ಲೊಂದು ಮೇಜು ಹಾಕ್ಕೊಂಡು ಕೂತ್ರೆ ಬೈತಾರಾ?” ಎಂದು ಕೇಳಿದಳು.

ಕುತೂಹಲದಿಂದ ಓದಿ ನೋಡಿದೆ. ಈ ಕೋ-ವರ್ಕಿಂಗ್ ಎಂಬುದರ ಮೂಲವೂ ಹೀಗೆಯೇ ಇದೆ! 2005ರ ಆಗಸ್ಟಿನಲ್ಲಿ ಬ್ರಾಡ್ ನ್ಯೂಬರ್ಗ್ ಎಂಬ ತರುಣ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇದನ್ನು ಆರಂಭಿಸಿದಾಗ ಅವನಿಗೆ ಕಟ್ಟಡವಿರಲಿಲ್ಲ. ‘ಸ್ಪೈರಲ್ ಮ್ಯೂಸ್’ ಎಂಬ ಮಹಿಳೆಯರ ಬಳಗದ ಮನೆಯನ್ನು ವಾರಕ್ಕೆರಡು ದಿನದ ಮಟ್ಟಿಗೆ, ತಿಂಗಳಿಗೆ 300 ಡಾಲರಿನಂತೆ ಕೇಳಿ ಪಡೆದ. ಬೆಳಿಗ್ಗೆ ಮಡಿಸುವ ಮೇಜುಗಳನ್ನು ತಾನೇ ಹಾಕಿ ಸಂಜೆ ತಾನೇ ತೆಗೆದಿಡಬೇಕಿತ್ತು. ಮೊದಲ ತಿಂಗಳು ಒಬ್ಬರೂ ಬರಲಿಲ್ಲವಂತೆ. ಮುಂದೆ ಇದೇ ವ್ಯಾಪಾರಕ್ಕಿಳಿದ ವಿವರ್ಕ್ ಎಂಬ ದೊಡ್ಡ ಸಂಸ್ಥೆ ಊರೂರಿನಲ್ಲಿ ದೀರ್ಘಾವಧಿಯ ಬಾಡಿಗೆಗೆ ಕಟ್ಟಡಗಳನ್ನು ಹಿಡಿದು, ಆ ಭಾರ ಹೊರಲಾರದೆ 2023ರ ನವೆಂಬರಿನಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ದಿವಾಳಿ ಅರ್ಜಿ ಹಾಕಿತು. ಮಡಿಸುವ ಮೇಜಿನವನಿಗೆ ಆ ಭಯವಿರಲಿಲ್ಲ. ಜನ ಬಾರದಿದ್ದರೆ ನಷ್ಟವೂ ಮೇಜಿನಷ್ಟೇ.

ನಮ್ಮ ರಾಜ್ಯದಲ್ಲಿಯೂ ಇದಕ್ಕೆ ಹತ್ತಿರದ ಉದಾಹರಣೆಯಿದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ ಮೇಲೆ, 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದಿತು. ಧೂಳು ಹಿಡಿದಿದ್ದ ಎಷ್ಟೋ ಕೋಣೆಗಳಿಗೆ ಬಣ್ಣ, ಕಂಪ್ಯೂಟರು, ಮಕ್ಕಳ ಸದಸ್ಯತ್ವ ಎಲ್ಲವೂ ಬಂದವು. ‘ಅರಿವು ಕೇಂದ್ರ’ಗಳೆಂದು ಹೆಸರಾದ ಅವು ಐದು ಸಾವಿರಕ್ಕೂ ಮಿಗಿಲಾಗಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹಳ್ಳಿಯ ಹುಡುಗರಿಗೆ ಕೂರಲೊಂದು ಜಾಗ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಮಹಾನಗರ ಪಾಲಿಕೆಯ ಎಲ್ಲೆಗೆ ಸೇರಿಹೋದ ಕೋಗಿಲಿಗೆ ಪಂಚಾಯತಿಯ ಈ ಭಾಗ್ಯವಿಲ್ಲ. ಇರುವುದು ಭವನವೊಂದೇ.

ಅವಳನ್ನು ಕರೆದುಕೊಂಡು ಭವನದ ಯಜಮಾನರಲ್ಲಿಗೆ ಹೋದೆ. ಅವರು ಆಗದೆನ್ನಲಿಲ್ಲ, ಆದರೆ ಕೇಳಿದ ಪ್ರಶ್ನೆಗಳು ಮಾತ್ರ ಯಾವ ವ್ಯವಹಾರಶಾಸ್ತ್ರದ ಪುಸ್ತಕಕ್ಕೂ ಕಡಿಮೆಯವಲ್ಲ. “ಕರೆಂಟ್ ಬಿಲ್ಲು ಯಾರು ಕಟ್ತಾರೆ ಮೇಷ್ಟ್ರೇ? ಬೀಗದ ಕೈ ಯಾರ ಹತ್ರ ಇರುತ್ತೆ? ಇವತ್ತು ಮೇಜು ಹಾಕ್ತಾರೆ ಸರಿ, ನಾಳೆ ‘ನಿಮ್ಮ ಭಜನೆ ಸದ್ದು ನಮ್ಗೆ ತೊಂದ್ರೆ’ ಅಂದ್ರೆ?”

ಕೊನೆಯ ಪ್ರಶ್ನೆಗೆ ನಾನು ಕೂಡಲೇ ಉತ್ತರಿಸಲಿಲ್ಲ. ಅವರ ಅಂಜಿಕೆ ನಿಜವಾದುದು. ಹೊಲಗಳಿದ್ದ ಕಡೆ ಬಡಾವಣೆಗಳೆದ್ದು, 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ತೆರೆದ ಮೇಲೆ ಭೂಮಿಯ ಬೆಲೆ ಏರಿ, ಹೊಸಬರಿಗೆ ಜಾಗ ಮಾಡುತ್ತ ಮಾಡುತ್ತ ಹಳಬರೇ ಮೂಲೆ ಸೇರಿದ್ದನ್ನು ಕಂಡವರು ಅವರು. ಅವಳೇ ಹೇಳಿದಳು: “ಅಜ್ಜಾರೆ, ಭಜನೆ ದಿನ ನಾವೇ ಚಾಪೆ ಹಾಸಿ ಹೋಗ್ತೀವಿ.”

ಮಾತು ಒಂದು ಹಾಳೆಯ ಮೇಲೆ ಬಂದಿತು. ಮಹಡಿಯ ಊಟದ ಮನೆಯನ್ನು ಮಾತ್ರ ಬಳಸುವುದು. ವಿದ್ಯುತ್ತಿಗೆ ಬೇರೆ ಉಪಮೀಟರು. ಇಂಟರ್ನೆಟ್ಟಿನ ಖರ್ಚನ್ನೂ ಗುಡಿಸುವಾಕೆಯ ಹೆಚ್ಚಿನ ಕೂಲಿಯನ್ನೂ ಕುಳಿತು ಕೆಲಸ ಮಾಡುವವರೇ ಹಂಚಿಕೊಳ್ಳುವುದು. ಹೆಂಗಸರ ಶೌಚಾಲಯದ ಬೀಗ ದಿನವೂ ತೆರೆದಿರಬೇಕು. ಇದಕ್ಕೆ ಅವಳು ಪಟ್ಟುಹಿಡಿದಳು, ಸರಿಯಾಗಿಯೇ ಹಿಡಿದಳು. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆಗಳಿಲ್ಲ, ತೊಂದರೆಯೂ ಇಲ್ಲ. ವೈಶಾಖ, ಮಾಘಗಳ ಮುಹೂರ್ತದ ದಿನಗಳಲ್ಲಿ ಇವರು ಎದ್ದುಹೋಗಬೇಕು. ಅದಕ್ಕಾಗಿ ಪಂಚಾಂಗ ನೋಡಿ ತಿಂಗಳ ಮೊದಲೇ ಪಟ್ಟಿಯನ್ನು ಬಾಗಿಲಿಗೆ ಅಂಟಿಸುವುದು ನನ್ನ ಪಾಲಿನ ಕೆಲಸ. ಕಂಪನಿಯ ರಜಾಪಟ್ಟಿಯೂ ಪಂಚಾಂಗವೂ ಒಂದೇ ಬಾಗಿಲ ಮೇಲೆ!

ಈಗ ಏಳು ಮಂದಿ ಬರುತ್ತಾರೆ. ಅವರಲ್ಲಿ ನಾಲ್ವರು ಹೆಣ್ಣುಮಕ್ಕಳು, ಒಬ್ಬ ಪರೀಕ್ಷೆಗೆ ಓದುವ ಹುಡುಗ. ಅವನಿಂದ ನಾವು ಹಣ ಪಡೆಯುವುದಿಲ್ಲ. ನನ್ನ ವಿದ್ಯಾರ್ಥಿನಿಯ ಕೆಲಸ ಉಳಿದಿದೆ. ಮದುವೆಯ ದಿನಗಳಿಗೆ ಇನ್ನೊಂದು ಜಾಗ ಬೇಕಾಗಿದೆ. ಯಲಹಂಕದ ಕಡೆ ಹಗಲು ಹೊತ್ತು ಖಾಲಿ ಇರುವ ಕೋಣೆ ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ನನಗೆ ಬರೆಯಿರಿ. ನೋಡಲು ಬರುವವರು ಸಂಜೆ ಐದರೊಳಗೆ ಬನ್ನಿ. ಶನಿವಾರ ಬಂದರೆ ಸಿಗುವುದು ಭಜನೆ ಮತ್ತು ಕಡಲೆಕಾಳಿನ ಉಸಲಿ ಮಾತ್ರ.