ಏಳಂಗುಲದ ತೆರೆ

ಮನೆಗೆ ಹೊಸ ವಸ್ತುವೊಂದನ್ನು ತರುವುದೆಂದರೆ ನಮ್ಮಂಥ ಗುಮಾಸ್ತರಿಗೆ ಕಚೇರಿಯಲ್ಲಿ ಹೊಸ ಕಡತ ತೆರೆದಂತೆಯೇ ಸರಿ. ಕೇಳಿದವರಾರು, ಕಾರಣವೇನು, ಹಣವೆಲ್ಲಿಂದ ಎಂಬುದಕ್ಕೆಲ್ಲ ಟಿಪ್ಪಣಿ ಬರೆಯದೆ ಕಡತ ಮುಂದಕ್ಕೆ ಸಾಗದು. 2023ರ ದೀಪಾವಳಿಯಲ್ಲಿ ಕೂಡಿಟ್ಟ ಹಣಕ್ಕೆ ಬೋನಸ್ಸೂ ತುಟ್ಟಿಭತ್ತೆಯ ಬಾಕಿಯೂ ಬಂದು ಸೇರಲು, ನಮ್ಮ ಮುಂಬಯಿಯ ಮನೆಯಲ್ಲಿ ಅಂಥದೊಂದು ಕಡತ ತೆರೆಯಿತು.

ಅರ್ಜಿದಾರರು ಇಬ್ಬರು. ಹನ್ನೊಂದು ವರ್ಷದ ನಮ್ಮ ಚಿರಂಜೀವಿಗೆ ಆಟಕ್ಕೆಂದು ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಬೇಕು. ಅವ್ವನಿಗೆ ಬೇಕಾದದ್ದು 2010ರ ನಮ್ಮ ಮದುವೆಯ ವಿಡಿಯೋ ನೋಡುವ ಸಾಧನ. ಅದರಲ್ಲಿ ಅಪ್ಪ ಪಂಕ್ತಿಯ ನಡುವೆ ಓಡಾಡುತ್ತ ಬೀಗರನ್ನು ಉಪಚರಿಸುವ ನಾಲ್ಕು ನಿಮಿಷಗಳುಂಟು. ಅಪ್ಪ 2016ರಲ್ಲಿ ತೀರಿಕೊಂಡರು. ಅವರ ದನಿ ಉಳಿದಿರುವುದು ಅಲ್ಲಿ ಮಾತ್ರ. ಮೊಣಕಾಲು ನೋವಿನ ಅವ್ವ ಮಂಚದಲ್ಲೇ ಕುಳಿತು ನೋಡಬೇಕು, ಧಾರವಾಡಕ್ಕೆ ಹೋದಾಗಲೂ ಜೊತೆಗೊಯ್ಯಬೇಕು. ಆದ್ದರಿಂದ ಗೋಡೆಯ ಟೆಲಿವಿಷನ್ ಆಗದು. ಒಂದೇ ಯಂತ್ರದಲ್ಲಿ ಎರಡೂ ಅರ್ಜಿ ತೀರಿದರೆ ಲಾಭವೆಂದು ನಾವು ಹುಡುಕಹೊರಟೆವು.

ಚಿರಂಜೀವಿಯ ಪಟ್ಟಿಯಲ್ಲಿ ಮೂರು ಹೆಸರು: ನಿಂಟೆಂಡೋ ಸ್ವಿಚ್‌ನ 2021ರ ಮಾದರಿ, 2022ರ ಸ್ಟೀಮ್ ಡೆಕ್, 2023ರ ಆಸುಸ್ ಆರ್.ಓ.ಜಿ. ಅಲೈ. ಮೂರರ ತೆರೆಯೂ 7 ಅಂಗುಲ. ತೂಕದಲ್ಲಿ ಸ್ವಿಚ್ ಸುಮಾರು 420 ಗ್ರಾಂ, ಅಲೈ 608, ಡೆಕ್ 669.

ಸ್ವಿಚ್ ಹಗುರ, ಮಕ್ಕಳಾಟಕ್ಕೆ ಬಲು ಸೊಗಸು. ಆದರೆ ನಾವೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡ ವಿಡಿಯೋ ತೋರಿಸುವ ಏರ್ಪಾಡು ಅದರಲ್ಲಿಲ್ಲ. ಅಪ್ಪನ ದನಿಗೆ ಅಲ್ಲಿ ಪ್ರವೇಶವಿಲ್ಲವೆಂದು ಆ ಹೆಸರನ್ನು ಹೊಡೆದುಹಾಕಿದೆವು. ಡೆಕ್ ನಿಜವಾದ ಕಂಪ್ಯೂಟರೇ; ಲಿನಕ್ಸ್ ಆಧಾರದ ಮೇಲೆ ನಡೆಯುತ್ತದೆ, ವಿಡಿಯೋ ತೋರಿಸಬಲ್ಲದು. ಆದರೆ ಆಗ ಅದು ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕಿರಲಿಲ್ಲ. ಹೊರಗಿನಿಂದ ತರಿಸಿ ಮಾರುವವರ ಮಾತೇ ಗ್ಯಾರಂಟಿ. ಕೂಡಿಟ್ಟ ಹಣವನ್ನು ಬಾಯಿಮಾತಿನ ಮೇಲೆ ಇಡುವ ಧೈರ್ಯ ನಮಗಾಗಲಿಲ್ಲ.

ಉಳಿದದ್ದು ಅಲೈ. ವಿಂಡೋಸ್ ಇರುವುದರಿಂದ ಆಟ, ವಿಡಿಯೋ, ಶಾಲೆಯ ಪಾಠ ಎಲ್ಲವೂ ನಡೆದೀತು. ಇಲ್ಲಿ ಬಿಡುಗಡೆಯಾದಾಗ ಮೇಲಿನ ಮಾದರಿಯ ಬೆಲೆ 69,990 ರೂಪಾಯಿ. ಬ್ಯಾಟರಿ 40 ವ್ಯಾಟ್-ಗಂಟೆ. ಲೆಕ್ಕ ಸುಲಭ: ಭಾರಿ ಆಟದಲ್ಲಿ ಯಂತ್ರ 25 ವ್ಯಾಟ್ ನುಂಗಿದರೆ ಒಂದೂವರೆ ಗಂಟೆ ಚಿಲ್ಲರೆ, ವಿಡಿಯೋ ನೋಡುವಾಗ 10 ವ್ಯಾಟ್ ಸಾಕಾದರೆ ನಾಲ್ಕು ಗಂಟೆ.

ಇನ್ನೊಂದು ಲೆಕ್ಕವೂ ಇತ್ತು. ನಮ್ಮ ಮದುವೆಯ ವಿಡಿಯೋ ಹಳೆಯ ಟೆಲಿವಿಷನ್ನಿನ ಆಕಾರದ್ದು, 4ಕ್ಕೆ 3. ಅಲೈಯ ತೆರೆ 16ಕ್ಕೆ 9. ಎಡಬಲಗಳಲ್ಲಿ ಕಪ್ಪು ಪಟ್ಟಿ ಬಿದ್ದು ಚಿತ್ರ ಮೂಲೆಯಿಂದ ಮೂಲೆಗೆ ಐದೂಮುಕ್ಕಾಲು ಅಂಗುಲಕ್ಕೆ ಇಳಿಯುತ್ತದೆ. ಆ ಅಳತೆಗೆ ಕಾಗದ ಕತ್ತರಿಸಿ ಅವ್ವನ ಕೈಗಿತ್ತೆವು.

"ಇಷ್ಟರಾಗ ನಿಮ್ಮಪ್ಪನ ಮಾರಿ ನನಗ ಕಾಣಸ್ತದೇನೋ? ಎರಡೂ ಕಣ್ಣಿನ ಪೊರೆ ತಗಿಸಿದಾಕಿ ನಾ," ಎಂದರು ಅವ್ವ.

ನಮ್ಮ ಮನೆಯಾಕೆ ಅಡಿಗೆಮನೆಯಿಂದಲೇ ಒಂದು ಮಾತು ಸೇರಿಸಿದರು: "ಅಲ್ರೀ, ಗುಂಡಿ ಎರಡೂ ಕಡೆ ಅದಾವ. ಹಿಡದವರಿಗಷ್ಟ ಕಾಣೂದು. ಬಾಜೂಕ ಕೂತವರು ಏನು ನೋಡಬೇಕು?"

ಕಡತದ ತೀರ್ಮಾನ ಅಲ್ಲಿಗೇ ಆಯಿತು. ತಂದದ್ದು 11 ಅಂಗುಲದ ಒಂದು ಟ್ಯಾಬ್ಲೆಟ್, ಒಂದು ನಿಲುವು, ಆಟಕ್ಕೆ ತಂತಿಯಿಲ್ಲದ ಒಂದು ಗುಂಡಿಪೆಟ್ಟಿಗೆ. ಅದರ ತೆರೆ 16ಕ್ಕೆ 10. ಹಳೆಯ ಚಿತ್ರವೂ ಒಂಬತ್ತೂವರೆ ಅಂಗುಲಕ್ಕೆ ಮಿಗಿಲಾಗಿ ಕಾಣುತ್ತದೆ. ಎಲ್ಲ ಸೇರಿಯೂ ಖರ್ಚು ಅಲೈಯ ಅರ್ಧ ದಾಟಲಿಲ್ಲ.

ಇದರಲ್ಲಿ ಎಲ್ಲರೂ ಗೆದ್ದರೆಂದು ಹೇಳಿದರೆ ಸುಳ್ಳಾದೀತು. ಕಂಪ್ಯೂಟರಿನ ದೊಡ್ಡ ಆಟಗಳು ಟ್ಯಾಬ್ಲೆಟ್ಟಿನಲ್ಲಿ ನಡೆಯವು. ಗೆಳೆಯರು ಆಡುವ ಆಟ ತನಗಿಲ್ಲವೆಂದು ಹುಡುಗನ ಮುಖ ಅನೇಕ ದಿನ ಸಪ್ಪಗಿತ್ತು. ಉಳಿದ ಹಣವನ್ನು ಅವನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿಟ್ಟಿದ್ದೇವೆ. ಹತ್ತನೆಯ ತರಗತಿ ಮುಗಿದ ಮೇಲೆ ಆಯ್ಕೆ ಅವನದು. ಅವನ ಪಟ್ಟಿಗೆ ಹೊಸ ಹೆಸರುಗಳು ಸೇರುತ್ತಲೇ ಇವೆ. 2025ರ ಜೂನಿನಲ್ಲಿ ಬಂದ ಸ್ವಿಚ್ 2ರ ತೆರೆ 7.9 ಅಂಗುಲವೆಂದು ನಮಗೆ ತಿಳಿಸಿದವನೂ ಅವನೇ.

ಆದರೆ ಅಜ್ಜಿಯ ಮಗ್ಗುಲಲ್ಲಿ ಕುಳಿತು ಆ ನಾಲ್ಕು ನಿಮಿಷಗಳನ್ನು ಅವನೂ ಎಷ್ಟೋ ಸಲ ನೋಡಿದ್ದಾನೆ. ಹಿಂದಿ, ಮರಾಠಿಗಳ ನಡುವೆ ಬೆಳೆದ ಹುಡುಗ. ಈಗ ಮನೆಗೆ ನೆಂಟರು ಬಂದರೆ, "ಸಾವಕಾಶ ಆಗ್ಲಿ, ನಾಚಗೋಬ್ಯಾಡ್ರಿ" ಎಂದು ಅಪ್ಪನ ಧಾಟಿಯಲ್ಲೇ ಉಪಚರಿಸುತ್ತಾನೆ. ನಾವು ಕಲಿಸಿದ ಮಾತಲ್ಲ ಅದು.

ಇಂಥ ಯಂತ್ರ ಕೊಳ್ಳುವ ವಾಚಕರು ಅಂಗಡಿಗೆ ಹೋಗುವ ಮೊದಲು ಒಂದು ಕಾಗದದಲ್ಲಿ ಮೂರು ಸಾಲು ಬರೆದುಕೊಳ್ಳಲಿ: ನೋಡುವವರು ಎಷ್ಟು ಮಂದಿ, ನೋಡಬೇಕಾದ ಚಿತ್ರದ ಆಕಾರವೇನು, ಕೆಟ್ಟರೆ ರಿಪೇರಿ ಎಲ್ಲಿ. ಅಂಗಡಿಯವನು ಹೇಳುವ ಉಳಿದ ಗುಣಗಳನ್ನೆಲ್ಲ ಆಮೇಲೆ ಕೇಳಬಹುದು.